ಎರಡು ಪೆಟ್ಟಿಗೆ ಮದ್ದು

ಯಾವ ದಾರಿಯಲ್ಲಿ ಹೋದರೆ ಜೀವಸಹಿತ ವಾಪಸು ಬರಬಹುದು ಎಂದು ಹೇಳುವ ಕೆಲಸ ನಮ್ಮ ಆರೋಗ್ಯ ಕಚೇರಿಯಲ್ಲಿ ಒಬ್ಬ ಹೆಂಗಸಿನದು. ಹುದ್ದೆಯ ಹೆಸರು ಕಾಗದದಲ್ಲಿ ಒಂದೂವರೆ ಸಾಲು ಉದ್ದವಿದೆ. ಅದನ್ನು ಪೂರ್ತಿ ಓದಿದವರು ಯಾರೂ ಇಲ್ಲ. ನಾವೆಲ್ಲ ಆಕೆಯನ್ನು ಹವಾಮಾನದಕ್ಕ ಎನ್ನುತ್ತೇವೆ. ದಿನ ಬೆಳಗಾದರೆ ಫೋನ್ ಎತ್ತಿಕೊಂಡು ದಾರಿಯುದ್ದದ ಇಪ್ಪತ್ತಾರು ಜನರನ್ನು "ಏನಪ್ಪಾ, ಹವಾ ಹೇಗಿದೆ?" ಎಂದು ಕೇಳುವುದರಿಂದ ಬಂದ ಹೆಸರು ಅದು. ಆಕೆ ಕೇಳುತ್ತಿರುವುದು ಮಳೆ ಬಿಸಿಲಿನ ಸುದ್ದಿಯಲ್ಲ ಎಂಬುದು ಇಪ್ಪತ್ತಾರು ಜನರಿಗೂ ಗೊತ್ತು.

ನಾನು ಅದೇ ಕಚೇರಿಯ ಲಸಿಕೆ ಉಗ್ರಾಣದವನು. ಹತ್ತೊಂಬತ್ತು ವರ್ಷದಿಂದ ಮಂಜುಗಡ್ಡೆಯ ಜೊತೆ ಸಂಸಾರ ಮಾಡಿ ಐಸಪ್ಪ ಎನಿಸಿಕೊಂಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಆಕೆ ಕೆಲಸಕ್ಕೆ ಸೇರಿದಾಗ ನನಗೆ ಮೈಯೆಲ್ಲ ಉರಿದಿತ್ತು. ಬಸ್ಸಿನಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದವಳಿಗೆ ಬಂದೂಕಿನ ವಿಷಯ ಏನು ಗೊತ್ತು ಎಂದು ಊಟದ ಹೊತ್ತಿನಲ್ಲಿ ಎಲ್ಲರ ಮುಂದೆ ಆಡಿಕೊಂಡಿದ್ದೆ. ಈ ಕಥೆಯಲ್ಲಿ ಮಾನ ಹೋಗುವುದು ನನ್ನದೇ, ಆದ್ದರಿಂದ ಓದುವವರು ಧಾರಾಳವಾಗಿ ನಗಬಹುದು.

ಇಪ್ಪತ್ತೆರಡು ವರ್ಷ ಆಕೆ ಪಟ್ಟಣದ ಡಿಪೋದಿಂದ ಹೊಳೆಯಾಚೆಯ ಕೊನೆಯ ಊರಿನವರೆಗೆ ಒಂದೇ ದಾರಿಯ ಬಸ್ಸಿನಲ್ಲಿ ಚೀಲ ತೂಗುಹಾಕಿಕೊಂಡು ನಿಂತವಳು. ಇಪ್ಪತ್ತಾರು ನಿಲ್ದಾಣ. ಯಾರ ಮಗಳು ಯಾವ ಊರಿಗೆ ಸೊಸೆಯಾಗಿ ಹೋದಳು, ಯಾರಿಗೆ ಯಾರ ಮುಖ ಕಂಡರಾಗದು, ಯಾರು ಯಾರ ಪಕ್ಕ ಕೂರುವುದಿಲ್ಲ, ಎಲ್ಲ ಆಕೆಗೆ ಬಾಯಿಪಾಠ. ಆಮೇಲೆ ಜಗಳ ಹತ್ತಿಕೊಂಡಿತು. ಹೊಳೆಯ ಈಚೆ ದಡವೂ ಸೇತುವೆಯೂ ಕಾವಲುಪಡೆಯವರ ಕೈಗೆ ಹೋದವು. ಆಚೆಯ ಮೂರು ಊರುಗಳೂ ಅವುಗಳ ಹಿಂದಿನ ಗುಡ್ಡವೂ ನಾವು ಗುಡ್ಡದವರು ಎಂದು ಕರೆಯುವವರ ಪಾಲಾದವು. ನಡುವೆ ಓಡಾಡುತ್ತಿದ್ದ ಬಸ್ಸು ನಿಂತಿತು, ಡಿಪೋಗೆ ಬೀಗ ಬಿತ್ತು. ಆಗ ನಮ್ಮ ಕಚೇರಿಯ ಮುಖ್ಯಸ್ಥೆ ಡಾಕ್ಟರಮ್ಮ, ನಕ್ಷೆ ಓದಬಲ್ಲ ಇಬ್ಬರು ಮಾಜಿ ಸೈನಿಕರನ್ನು ಬಿಟ್ಟು ಈಕೆಯನ್ನು ಆರಿಸಿಕೊಂಡರು.

ಆಕೆಯ ಪದ್ಧತಿಯೇ ಬೇರೆ. ಅಪಾಯ ಇದೆಯಾ ಎಂದು ಆಕೆ ಯಾರನ್ನೂ ಕೇಳುವುದಿಲ್ಲ. ಕೇಳಿದರೆ "ಪರವಾಗಿಲ್ಲ, ಬನ್ನಿ" ಎನ್ನುತ್ತಾರೆ. ಮನೆ ಹೊತ್ತಿ ಉರಿಯುತ್ತಿದ್ದರೂ ಬಂದವರಿಗೆ ಪರವಾಗಿಲ್ಲ ಎನ್ನದಿದ್ದರೆ ನಮ್ಮ ಜನಕ್ಕೆ ಸಮಾಧಾನವಿಲ್ಲ. ಆದ್ದರಿಂದ ಆಕೆ ದರ್ಜಿಯನ್ನು ಕೇಳುವುದು ಹೊಲಿಗೆ ಮಿಷನ್ ಜಗಲಿಯ ಮೇಲಿದೆಯೋ ಒಳಗಿದೆಯೋ ಎಂದು. ಪಂಕ್ಚರ್ ಅಂಗಡಿಯವನನ್ನು ಕೇಳುವುದು ಬೆಳಗ್ಗೆಯಿಂದ ಎಷ್ಟು ಗಾಡಿಗೆ ಗಾಳಿ ಹಾಕಿದೆ ಎಂದು. ಕ್ಷೌರದಂಗಡಿಯವನನ್ನು ಎಷ್ಟು ಜನ ಕಾಯುತ್ತಿದ್ದಾರೆ ಎಂದು ಕೇಳುತ್ತಾಳೆ. ಮುಖಕ್ಕೆ ಸೋಪು ಹಚ್ಚಿಸಿಕೊಂಡು, ಕಣ್ಣು ಮುಚ್ಚಿಕೊಂಡು, ಕುತ್ತಿಗೆ ಚಾಚಿ ಕೂರುವ ಧೈರ್ಯ ಆ ಊರಿನಲ್ಲಿ ಎಷ್ಟು ಜನಕ್ಕಿದೆ ಎಂಬುದು ಆಕೆಗೆ ಬೇಕಾದ ಸುದ್ದಿ.

ಕಚೇರಿ ತೆರೆಯುವುದು ಒಂಬತ್ತಕ್ಕೆ, ಹವಾ ತಿಳಿಯಬೇಕಾದದ್ದು ಏಳಕ್ಕೆ. ಹಾಗಾಗಿ ಮಕ್ಕಳಿಗೆ ಪೋಲಿಯೊ ಹನಿ ಹಾಕುವ ದಿನಗಳಲ್ಲಿ ನಾನು ಬೆಳಗ್ಗೆ ಆಕೆಯ ಮನೆಗೇ ಹೋಗುತ್ತೇನೆ. ಬೀಗ ಬಿದ್ದ ಡಿಪೋದ ಹಿಂದೆ ಎರಡು ಕೋಣೆ. ಮುಂದಿನ ಕೋಣೆಯ ಗೋಡೆಗೆ ದಾರಿಯ ನಕ್ಷೆ, ಅದರ ಕೆಳಗೆ ಮೇಜು, ಮೇಜಿಗೆ ತಾಗಿಕೊಂಡು ಮಂಚ, ಮಂಚದ ಮೇಲೆ ಆಕೆಯ ಅತ್ತೆ. ಎಂಬತ್ತು ದಾಟಿದ ಈ ಮುದುಕಿಗೆ ಕಣ್ಣು ಮಂಜು, ಆದರೆ ಕಿವಿ ಬೆಕ್ಕಿನದು. ಸೊಸೆ ಫೋನಿನ ಧ್ವನಿ ಜೋರು ಮಾಡಿ ಮೇಜಿನ ಮೇಲಿಡುತ್ತಾಳೆ. ಅತ್ತೆ ಗೋಡೆಗೆ ಮುಖ ಮಾಡಿ ಮಲಗಿಕೊಂಡೇ ತೀರ್ಪು ಕೊಡುತ್ತಾಳೆ. "ಇವನು ಸುಳ್ಳು ಹೇಳ್ತಿದ್ದಾನೆ." "ಇವಳು ಹೇಳ್ತಿರೋದು ನಿಜ, ಆದ್ರೆ ಪಕ್ಕದಲ್ಲಿ ಯಾರೋ ನಿಂತಿದ್ದಾರೆ." ಮನೆಯ ಯಜಮಾನರು ಹಿಂದೆ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರು ಹಿಂದಿನ ಕೋಣೆಯಲ್ಲಿ ಚಹಾ ಕಾಸಿಕೊಂಡು, ಈ ಇಬ್ಬರ ನಡುವೆ ಬಾಯಿ ಹಾಕದೆ ಸುಖವಾಗಿದ್ದಾರೆ.

ಕೊನೆಗೆ ಆಕೆ ಒಂದೊಂದು ಊರಿಗೂ ಒಂದು ಬಣ್ಣ ಹೇಳುತ್ತಾಳೆ. ಹಸಿರು ಎಂದರೆ ಹೋಗುವುದು, ಹಳದಿ ಎಂದರೆ ಕಾಯುವುದು, ಕೆಂಪು ಎಂದರೆ ಬಾಗಿಲು ಹಾಕಿಕೊಂಡು ಕೂರುವುದು. ಆಕೆ ಬಂದ ಮೇಲೆ ನಮ್ಮ ತಂಡದವರಲ್ಲಿ ಒಬ್ಬರ ಮೈಗೂ ಗೀರು ಬಿದ್ದಿಲ್ಲ. ಆದರೆ ಹೊಳೆಯಾಚೆಯ ಮೂರು ಊರಿಗೆ ಆಕೆ ಸಾಲಾಗಿ ಮೂರು ಸುತ್ತು ಕೆಂಪು ಹಾಕಿದ್ದಳು. ಮೂರು ಸಲವೂ ಆಕೆಯ ಮಾತು ಸರಿಯಾಗಿತ್ತು, ಮೂರು ಸಲವೂ ಸೇತುವೆಯ ಮೇಲೆ ಗುಂಡು ಹಾರಿತು. ಮೂರನೆಯ ಸುತ್ತಾದ ಮೇಲೆ ಆಚೆಯಿಂದ ಒಂದು ಚೀಟಿ ಬಂತು. ನಾಲ್ಕು ವರ್ಷದ ಹೆಣ್ಣು ಮಗು, ಜ್ವರ ಬಂದು ಹೋಯಿತು, ಎಡಗಾಲು ಎತ್ತಲಾಗುತ್ತಿಲ್ಲ. ಪೋಲಿಯೊ.

ಡಾಕ್ಟರಮ್ಮ ಅದನ್ನು ಎಲ್ಲರ ಮುಂದೆ ಓದಿದರು. ಹವಾಮಾನದಕ್ಕ ಸಂಜೆ ನನ್ನ ಉಗ್ರಾಣದ ಬಾಗಿಲಲ್ಲಿ ಬಂದು ನಿಂತಳು.

"ಐಸಪ್ಪನೋರೇ, ಕೆಂಪು ಹಾಕಿದ್ರೆ ಯಾರಿಗೂ ಏನೂ ಆಗಲ್ಲ ಅಂದ್ಕೊಂಡಿದ್ದೆ ಕಣ್ರೀ."

ನಾನು "ಪರವಾಗಿಲ್ಲ ಬಿಡಿ" ಎಂದುಬಿಟ್ಟೆ. ನನ್ನನ್ನು ನುಂಗುವ ಹಾಗೆ ನೋಡಿ ಹೊರಟುಹೋದಳು.

ಆ ಮಗುವಿನ ಸುದ್ದಿ ಎರಡೂ ಕಡೆಯವರನ್ನು ಸ್ವಲ್ಪ ಅಲುಗಾಡಿಸಿತು. ಎರಡು ದಿನ ಗುಂಡು ಹಾರಿಸುವುದಿಲ್ಲ, ಬಂದು ಹನಿ ಹಾಕಿ ಹೋಗಿ ಎಂದು ಕಾವಲುಪಡೆಯವರೂ ಹೇಳಿದರು, ಗುಡ್ಡದವರೂ ಹೇಳಿದರು. ಎರಡೇ ದಿನ. ಐದು ವರ್ಷದೊಳಗಿನ ಮುನ್ನೂರ ನಲವತ್ತು ಮಕ್ಕಳು. ಈ ಸಲವೂ ಕೆಂಪಾದರೆ ಮುಂದಿನ ಮಾತುಕತೆ ಯಾವ ಕಾಲಕ್ಕೋ, ಅಷ್ಟರೊಳಗೆ ಇನ್ನೆಷ್ಟು ಮಕ್ಕಳು ನಡಿಗೆ ಮರೆಯುತ್ತವೋ. ಆಕೆಗೆ ಹಸಿರು ಬೇಕಾಗಿತ್ತು, ಬಹಳ ಬೇಕಾಗಿತ್ತು. ಆದರೆ ಬೇಕೆಂದ ಮಾತ್ರಕ್ಕೆ ಹಾಕುವ ಹಾಗಿಲ್ಲ. ಹನಿ ಹಾಕುವ ಎಂಟು ಜನ ಹೆಣ್ಣುಮಕ್ಕಳು ಆಕೆಯ ಒಂದು ಮಾತು ನಂಬಿ ಜೀಪು ಹತ್ತುವವರು.

ಮೊದಲ ದಿನ ಬೆಳಗ್ಗೆ ಏಳಕ್ಕೆ ನಾನು ಆ ಮಂಚದ ಕಾಲ ಬಳಿ ಚಹಾದ ಲೋಟ ಹಿಡಿದು ಕೂತಿದ್ದೆ. ಒಂದನೆಯ ನಿಲ್ದಾಣ ಹಸಿರು. ಐದನೆಯದು ಹಸಿರು. ಹನ್ನೆರಡು, ಹದಿನೈದು, ಇಪ್ಪತ್ತು, ಎಲ್ಲ ಹಸಿರು! ಪಂಕ್ಚರ್ ಅಂಗಡಿಯವನು ಆಗಲೇ ಒಂಬತ್ತು ಗಾಡಿಗೆ ಗಾಳಿ ಹಾಕಿದ್ದ. ಕ್ಷೌರದಂಗಡಿಯಲ್ಲಿ ಕೂರಲು ಜಾಗವಿರಲಿಲ್ಲ. ನಕ್ಷೆಯ ಮೇಲೆ ಹಸಿರು ಗುಂಡುಸೂಜಿಗಳು ಹೊಳೆಯ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದರೆ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಹವಾಮಾನದಕ್ಕ ಮಾತ್ರ ನಗದೆ ಇಪ್ಪತ್ಮೂರನೆಯ ನಿಲ್ದಾಣಕ್ಕೆ, ಅಂದರೆ ಸೇತುವೆ ಬೀದಿಯ ದರ್ಜಿಗೆ ಫೋನ್ ಮಾಡಿದಳು.

"ಹವಾ ಹೇಗಿದೆ, ದರ್ಜಿಯಣ್ಣಾ?"

"ಚೆನ್ನಾಗಿದೆ ಅಕ್ಕಾ, ಚೆನ್ನಾಗಿದೆ."

"ಮಿಷನ್ ಜಗಲಿ ಮೇಲೆ ಹಾಕಿದ್ದೀಯಾ?"

"ಇವತ್ತು ಒಳಗೇ ಹೊಲೀತಿದ್ದೀನಿ. ಹೊರಗೆ ಧೂಳು ಜಾಸ್ತಿ."

"ಧೂಳಲ್ಲ" ಎಂದಳು ಅತ್ತೆ, ಗೋಡೆಯ ಕಡೆಗೇ ಮುಖ ಮಾಡಿಕೊಂಡು.

"ಧೂಳಿನ ಜೊತೆ ಇನ್ನೇನು ಬಂತಪ್ಪಾ ಊರಿಗೆ?"

ದರ್ಜಿ ಪಿಸುದನಿಯಲ್ಲಿ ಶುರು ಮಾಡಿದ. "ಅಕ್ಕಾ, ನಾನು ಹೇಳ್ದೆ ಅಂತ ಎಲ್ಲೂ ಬಾಯಿ ಬಿಡಬೇಡಿ. ನಿನ್ನೆ ಸಂಜೆ ಹಾಲಿನ ಕೇಂದ್ರದಲ್ಲಿ ಎರಡು ಪೆಟ್ಟಿಗೆ ಮದ್ದು ಇಳಿಸಿದ್ದಾರೆ. ಬಿಸಿಲು ತಾಗಬಾರದಂತೆ, ಬೆಂಕಿ ಹತ್ತಿರ ಸುಳೀಬಾರದಂತೆ, ಎತ್ತಿ ಕುಕ್ಕಬಾರದಂತೆ. ಇವತ್ತು ಬೆಳಗ್ಗೆ ಹೊಳೆ ದಾಟಿಸಿ, ಮೂರೂ ಊರನ್ನ ಎರಡೇ ದಿನದಲ್ಲಿ ಮುಗಿಸಿಬಿಡ್ತಾರಂತೆ. ಒಂದು ಮನೇನೂ ಬಿಡಲ್ವಂತೆ!"

ನಮ್ಮ ಮಾತಿನಲ್ಲಿ ಕೆಮ್ಮಿಗೆ ಕುಡಿಯುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು; ಆದರೆ ಊರು ಮುಗಿಸುವ ಮದ್ದು ಯಾವುದೆಂದು ಬಿಡಿಸಿ ಹೇಳಬೇಕೇ? ನಾನು ಎದ್ದು ನಿಂತು "ಕೆಂಪು! ಕೆಂಪು ಹಾಕ್ರೀ ಮೊದಲು!" ಎಂದು ಕೂಗಿದೆ. ಆಕೆಯನ್ನು ಕಾಯದೆ ನಾನೇ ಡಾಕ್ಟರಮ್ಮನಿಗೆ ಫೋನ್ ಮಾಡಿ ಜೀಪು ನಿಲ್ಲಿಸಿ ಎಂದೂ ಹೇಳಿದೆ. ಅಷ್ಟು ಚುರುಕು ನಾನು.

ಹವಾಮಾನದಕ್ಕ ಕೂತಲ್ಲಿಂದ ಅಲುಗಾಡಲಿಲ್ಲ. "ದರ್ಜಿಯಣ್ಣಾ, ಆ ಪೆಟ್ಟಿಗೆ ಹಾಲಿನ ಕೇಂದ್ರದಲ್ಲಿ ಎಲ್ಲಿಟ್ಟಿದ್ದಾರೆ?"

"ಹಾಲು ತಣ್ಣಗಾಗೋ ಕೋಣೇಲಿ."

"ಯಾವ ಬಣ್ಣದ ಪೆಟ್ಟಿಗೆ?"

"ನೀಲಿ."

"ತಂದೋರು ಯಾರು?"

"ನಮ್ಮ ಹಾಲಿನ ವ್ಯಾನಿನವನೇ ಅಕ್ಕಾ. ಪಟ್ಟಣದಲ್ಲಿ ಯಾರೋ ದಪ್ಪ ಮೀಸೆಯವನು ಕೊಟ್ಟು ಕಳಿಸಿದನಂತೆ."

ಆಕೆ ನಿಧಾನವಾಗಿ ತಿರುಗಿ ನನ್ನ ಮೀಸೆ ನೋಡಿದಳು. ಮಂಚದ ಮೇಲಿನ ಮುದುಕಿಯೂ, ಎಷ್ಟೋ ದಿನಗಳ ಮೇಲೆ, ಗೋಡೆ ಬಿಟ್ಟು ಈ ಕಡೆ ಹೊರಳಿದಳು.

ಹೌದು, ಕಳಿಸಿದ್ದು ನಾನೇ! ಎಂಟು ಜನ ಕೂತ ಜೀಪಿನಲ್ಲಿ ಎರಡು ದೊಡ್ಡ ಐಸ್ ಪೆಟ್ಟಿಗೆಗೆ ಜಾಗವಿರಲಿಲ್ಲ. ಮುಂಚಿತವಾಗಿ ಸೇತುವೆಗೆ ಸಾಗಿಸಿದರೆ ಬೆಳಗ್ಗೆ ಒಂದು ಗಂಟೆ ಉಳಿಯುತ್ತದೆ ಎಂದು ಹಿಂದಿನ ದಿನ ಹಾಲಿನ ವ್ಯಾನಿಗೆ ಹೇರಿದ್ದೆ. ಕಚೇರಿಯಲ್ಲಿ ಹೇಳಿದರೆ ಮೂರು ಸಹಿ ಕೇಳುತ್ತಾರೆಂದು ಯಾರಿಗೂ ಹೇಳಿರಲಿಲ್ಲ. ಲಸಿಕೆ ಎಂದರೆ ಏನು ಎಂದು ಆ ವ್ಯಾನಿನವನು ಕೇಳಿದ್ದ. ಬಿಡಿಸಿ ಹೇಳುವ ತಾಳ್ಮೆ ನನಗೆಲ್ಲಿ? "ಮದ್ದು ಕಣಯ್ಯಾ, ಮದ್ದು! ಬಿಸಿಲಿಗಿಡಬೇಡ, ಬೆಂಕಿ ಹತ್ತಿರ ಇಡಬೇಡ, ಎತ್ತಿ ಕುಕ್ಕಬೇಡ. ಎರಡು ದಿನದಲ್ಲಿ ಮೂರೂ ಊರು ಮುಗಿಸಬೇಕು, ಒಂದು ಮನೆ ಬಿಡೋ ಹಾಗಿಲ್ಲ" ಎಂದಿದ್ದೆ. ಒಂದಕ್ಷರವೂ ಹೆಚ್ಚುಕಡಿಮೆ ಮಾಡದೆ ಅವನು ಅದನ್ನೇ ಅಲ್ಲಿ ಹೇಳಿದ್ದಾನೆ, ಪಾಪ.

ನಾನು ಒಪ್ಪಿಕೊಂಡೆ. ಅತ್ತೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. "ಲೋ ಐಸಪ್ಪಾ, ನಿನ್ನ ಪೆಟ್ಟಿಗೆಗೇ ಹೆದರಿ ನೀನೇ ಜೀಪು ನಿಲ್ಲಿಸಿದೆಯಲ್ಲೋ!" ನನಗೂ ನಗು ಬಂತು. ಹೋಗಲಿ, ಅಪಾಯವೇ ಇಲ್ಲವಲ್ಲ ಎಂದು ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ.

"ನಗಬೇಡಿ" ಎಂದಳು ಹವಾಮಾನದಕ್ಕ. "ಇಷ್ಟು ಹೊತ್ತು ಅಪಾಯ ಇರಲಿಲ್ಲ. ಈ ಸುದ್ದಿ ಹಬ್ಬಿದ ಮೇಲೆ ಈಗಿದೆ."

ಕೂಡಲೇ ಇಪ್ಪತ್ನಾಲ್ಕನೆಯ ನಿಲ್ದಾಣಕ್ಕೆ, ಆಚೆ ದಡದ ಮೊದಲ ಊರಿನ ಸೂಲಗಿತ್ತಿಗೆ ಫೋನ್ ಮಾಡಿದಳು. ಆ ಕಡೆಯಿಂದ ಮಕ್ಕಳ ಅಳು, ಪಾತ್ರೆಗಳ ಸದ್ದು. ಸೂಲಗಿತ್ತಿ ಏದುಸಿರು ಬಿಡುತ್ತ ಮಾತಾಡಿದಳು. "ನಮ್ಮನ್ನ ಮುಗಿಸೋಕೆ ಮದ್ದು ಬಂದಿದೆಯಂತಲ್ಲ ಅಕ್ಕಾ! ಹನಿ ಹಾಕ್ತೀವಿ ಅಂತ ನಂಬಿಸಿ ಹೀಗೆ ಮಾಡ್ತಾರಾ? ಮಕ್ಕಳನ್ನೆಲ್ಲ ಗುಡ್ಡಕ್ಕೆ ಹತ್ತಿಸ್ತಿದ್ದೀವಿ."

ಮುನ್ನೂರ ನಲವತ್ತು ಮಕ್ಕಳು ಗುಡ್ಡದ ಪೊದೆಗಳಲ್ಲಿ ಚದುರಿಹೋದರೆ ಎರಡು ದಿನದಲ್ಲಿ ಮೂವತ್ತು ಮಕ್ಕಳೂ ಕೈಗೆ ಸಿಗುವುದಿಲ್ಲ. ಈಚೆ ದಡದ ಕಾವಲಿನವರು ಹೆದರಿ ಪೆಟ್ಟಿಗೆಗೆ ಒಂದು ಗುಂಡು ಹೊಡೆದರೆ ಲಸಿಕೆಯೂ ಹೋಯಿತು, ಕೊಟ್ಟ ಮಾತೂ ಹೋಯಿತು.

"ಅಮ್ಮಾ, ನಾನು ನಿನಗೆ ಯಾವತ್ತಾದ್ರೂ ಸುಳ್ಳು ಹೇಳಿದ್ದೀನಾ?" ಎಂದು ಕೇಳಿದಳು ಹವಾಮಾನದಕ್ಕ.

"ಬಸ್ಸು ಬರೋದು ಈಗ, ಈಗ ಅಂತ ಎಷ್ಟು ಸಲ ಹೇಳಿದ್ದೀರಾ!"

"ಅದೊಂದು ಬಿಡು. ಒಂಬತ್ತು ಗಂಟೆಗೆ ಸೇತುವೆ ನಡುವೆ ನಾನೇ ಆ ಪೆಟ್ಟಿಗೆ ಇಟ್ಕೊಂಡು ನಿಂತಿರ್ತೀನಿ. ನೀನು ಬಂದು ಒಳಗೆ ಕೈಹಾಕಿ ನೋಡು. ಅಲ್ಲೀವರೆಗೂ ಮಕ್ಕಳನ್ನ ಊರಲ್ಲೇ ಇಟ್ಕೊಂಡಿರು. ನಾನು ಕಾಣಲಿಲ್ಲ ಅಂದ್ರೆ ಗುಡ್ಡ ಹತ್ತಿಸು, ನಾನು ಬೇಜಾರು ಮಾಡ್ಕೊಳ್ಳಲ್ಲ."

ಆಮೇಲೆ ಡಾಕ್ಟರಮ್ಮನಿಗೆ ನಡೆದದ್ದನ್ನೆಲ್ಲ ಹೇಳಿದಳು. ಅಲ್ಲಿಂದ ನನ್ನ ಬಗ್ಗೆ ಬಂದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ಕೊನೆಗೆ ಡಾಕ್ಟರಮ್ಮ "ಬಣ್ಣ ಏನು ಹೇಳಿ ಅಕ್ಕಾ" ಎಂದರು.

"ಈಗ ಕೆಂಪೇ ಅಮ್ಮಾ. ಜೀಪು ಇಪ್ಪತ್ತನೇ ನಿಲ್ದಾಣದ ಹತ್ತಿರ ನಿಂತಿರಲಿ, ಯಾರೂ ಇಳಿಯೋದು ಬೇಡ. ಕೆಂಪಿಗೆ ಹೋಗೋದು ನಾನು ಮತ್ತೆ ಐಸಪ್ಪ, ಇಬ್ಬರೇ. ಹಸಿರಾದ್ರೆ ನಾನೇ ಹೇಳ್ತೀನಿ."

ಹೋಗುವುದು ನಾನು ಎಂಬುದು ನನಗೆ ಆಗಲೇ ತಿಳಿದದ್ದು.

ನನ್ನ ಹಳೆಯ ಸ್ಕೂಟರು ಆ ದಿನ ಓಡಿದ ಹಾಗೆ ಎಂದೂ ಓಡಿಲ್ಲ. ಹಿಂದೆ ಕೂತ ಹವಾಮಾನದಕ್ಕ ನನ್ನ ಭುಜ ತಟ್ಟುತ್ತ "ರೈಟ್! ರೈಟ್!" ಎಂದು ಕೂಗುತ್ತಿದ್ದಳು. ಒಂದೊಂದು ನಿಲ್ದಾಣ ಬಂದಾಗಲೂ ಪಂಕ್ಚರ್ ಅಂಗಡಿಯವನು, ಕ್ಷೌರದಂಗಡಿಯವನು, ಮುಖಕ್ಕೆ ಸೋಪು ಹಚ್ಚಿಸಿಕೊಂಡಿದ್ದವರು ಸಹ ಎದ್ದು ಬಂದು ಕೈಬೀಸಿದರು. ಏಳು ತಿಂಗಳಿಂದ ಫೋನಿನಲ್ಲಷ್ಟೇ ಕೇಳಿದ್ದ ದನಿ ಕಣ್ಣೆದುರು ಹಾರಿಹೋಗುತ್ತಿದ್ದರೆ ಜನಕ್ಕೆ ಸುಮ್ಮನಿರಲು ಆಗುತ್ತದೆಯೇ? ಭಯವಿದ್ದರೂ ನನಗೆ ಹಾಡಬೇಕೆನಿಸಿತು. ಅಂಥ ಉಮೇದು ನನ್ನ ಮದುವೆಯ ದಿನವೂ ಬಂದಿರಲಿಲ್ಲ, ಇದನ್ನು ಮನೆಯವಳಿಗೆ ಯಾರೂ ಹೇಳಬೇಡಿ.

ಸೇತುವೆ ಬೀದಿ ತಲುಪಿದಾಗ ಎಂಟು ನಲವತ್ತು. ಬೀದಿ ಖಾಲಿ, ಅಂಗಡಿಗಳೆಲ್ಲ ಮುಚ್ಚಿದ್ದವು. ಹಾಲಿನ ಕೇಂದ್ರದ ಮುಂದೆ ಮರಳು ಚೀಲಗಳ ಹಿಂದೆ ಏಳೆಂಟು ಜನ ಕಾವಲಿನವರು ಹೊಟ್ಟೆಯ ಮೇಲೆ ಮಲಗಿದ್ದರು. ಬಂದೂಕುಗಳೆಲ್ಲ ತೆರೆದ ಬಾಗಿಲಿನೊಳಗಿನ ನನ್ನ ಎರಡು ನೀಲಿ ಪೆಟ್ಟಿಗೆಗಳತ್ತ ಮುಖ ಮಾಡಿದ್ದವು.

"ನಿಲ್ಲಿ ಅಲ್ಲೇ! ಒಳಗೆ ಮದ್ದಿದೆ!" ಎಂದು ಅವರ ಮುಖಂಡ ಕೂಗಿದ.

"ಗೊತ್ತು ಸ್ವಾಮೀ, ಅದು ನಮ್ಮದೇ ಮದ್ದು!" ಎಂದು ನಾನೂ ಕೂಗಿದೆ.

ಏಳೆಂಟು ಬಂದೂಕೂ ಒಟ್ಟಿಗೆ ನನ್ನ ಕಡೆ ತಿರುಗಿದವು. ನಾಲಿಗೆ ಕಚ್ಚಿಕೊಂಡೆ. ಎರಡನೆಯ ಸಲ! "ಲಸಿಕೆ! ಲಸಿಕೆ!" ಎಂದು ಅರಚಿದೆ. "ಅದ್ಯಾವ ಹೊಸ ಮದ್ದೋ?" ಎಂದು ಚೀಲದ ಹಿಂದಿನಿಂದ ಒಬ್ಬ ಕೇಳಿದ.

ಹವಾಮಾನದಕ್ಕ ಸ್ಕೂಟರಿನಿಂದ ಇಳಿದು, ಸೆರಗು ಸರಿಮಾಡಿಕೊಂಡು, ಮುಖಂಡನನ್ನೇ ದಿಟ್ಟಿಸಿ ನೋಡಿದಳು. "ಏನೋ ಅರ್ಧ ಟಿಕೆಟ್, ನೀನೇನೋ ಇದು?"

ಮುಖಂಡ ತಟ್ಟನೆ ಎದ್ದು ಕೂತ. ಆಮೇಲೆ ಆಕೆ ಹೇಳಿ ತಿಳಿಯಿತು: ಈ ಪುಣ್ಯಾತ್ಮ ಮೀಸೆ ಚಿಗುರುವವರೆಗೂ ಮೊಣಕಾಲು ಮಡಚಿ ಕೂತು, ಹನ್ನೊಂದು ವರ್ಷ ಎಂದು ಸಾಧಿಸಿ ಅರ್ಧ ಟಿಕೆಟ್‌ನಲ್ಲೇ ಶಾಲೆಗೆ ಹೋಗುತ್ತಿದ್ದನಂತೆ. ಮಲಗಿದ್ದವರಲ್ಲಿ ಇಬ್ಬರು ಕಿಸಕ್ಕೆಂದರು.

"ಅಕ್ಕಾ, ಇವರ ಮುಂದೆ ಹಾಗೆಲ್ಲ ಕರೀಬೇಡಿ" ಎಂದ ಮುಖಂಡ, ಮೆಲ್ಲಗೆ.

"ಕರೆಯಲ್ಲ. ಪೆಟ್ಟಿಗೇಲಿ ಇರೋದು ಮಕ್ಕಳ ಪೋಲಿಯೊ ಹನಿ. ಈ ಮಹಾನುಭಾವ ಮದ್ದು ಅಂತ ಹೇಳಿ ಕಳಿಸಿ ಈ ಪಾಡು ಮಾಡಿದ್ದಾನೆ. ಅವನೇ ತೆಗೀತಾನೆ, ನೀವು ದೂರದಿಂದ ನೋಡಿ."

ಅವನೇ ಎಂದರೆ ನಾನೇ. ಒಳಗೆ ಹೋಗಿ ಮುಚ್ಚಳ ಎತ್ತಿದೆ. ಐಸಿನ ತಂಪು ಬಿಳಿ ಆವಿಯಾಗಿ ಮೇಲೆದ್ದಿತು. "ಹೊಗೆ! ಹೊಗೆ!" ಎಂದು ಹೊರಗಿದ್ದವರೆಲ್ಲ ಮತ್ತೆ ನೆಲ ಕಚ್ಚಿದರು. ನಾನು ಒಂದು ಬಾಟಲಿ ತೆಗೆದು ನೋಡಿದೆ. ಪ್ರತಿ ಬಾಟಲಿಯ ಮೇಲೂ ಒಂದು ಸಣ್ಣ ಚೌಕವಿರುತ್ತದೆ. ಬಿಸಿ ತಾಗಿದರೆ ಕಪ್ಪಗಾಗುತ್ತದೆ. ಹಾಲಿನಷ್ಟು ಬೆಳ್ಳಗಿತ್ತು! ನನಗೆ ಅದನ್ನು ಮುದ್ದಿಡಬೇಕೆನಿಸಿತು. ಅರ್ಧ ಟಿಕೆಟ್ ಬಗ್ಗಿ ಬಂದು ಬೆರಳಲ್ಲಿ ಐಸು ಮುಟ್ಟಿ, ಬಾಟಲಿ ಮೂಸಿ, ಕೊನೆಗೆ ಬಂದೂಕು ಇಳಿಸಿದ.

ಎಂಟು ಐವತ್ತೆರಡು. ಸೇತುವೆಯ ನಡುವಿಗೆ ಇನ್ನೂರು ಹೆಜ್ಜೆ. ತೋರಿಸಲು ಒಂದೇ ಪೆಟ್ಟಿಗೆ ಸಾಕು, ಆದರೆ ಅದೂ ಸಣ್ಣದಲ್ಲ, ಇಬ್ಬರು ಎತ್ತಬೇಕು.

"ಆ ಕಡೆ ಹಿಡಿ ನೀನು" ಎಂದಳು ಹವಾಮಾನದಕ್ಕ ಮುಖಂಡನಿಗೆ.

"ನಾನಾ? ನಡುವಿಗೆ ಹೋದ್ರೆ ಆಚೆಯವರು ಸುಟ್ಟುಬಿಡ್ತಾರೆ ಅಕ್ಕಾ. ಏಳು ತಿಂಗಳಿಂದ ಅಲ್ಲಿಗೆ ಯಾರೂ ಹೋಗಿಲ್ಲ."

"ಕೈಯಲ್ಲಿ ಬಂದೂಕಿದ್ರೆ ಸುಡ್ತಾರೆ. ಪೆಟ್ಟಿಗೆ ಇದ್ರೆ ಏನು ಮಾಡ್ತಾರೆ ಅಂತ ನನಗೆ ಗೊತ್ತಿಲ್ಲ. ಮುಂದೆ ನಾನೇ ನಡೀತೀನಿ."

ಗೊತ್ತಿಲ್ಲ ಎಂದು ಆಕೆ ಬಾಯಿಬಿಟ್ಟು ಹೇಳಿದ್ದೇ ಅವನಿಗೆ ನಾಟಿತೋ ಏನೋ. ಬಂದೂಕನ್ನು ಚೀಲದ ಮೇಲಿಟ್ಟು ಬಂದು ಪೆಟ್ಟಿಗೆಯ ಒಂದು ಹಿಡಿ ಹಿಡಿದ. ಇನ್ನೊಂದು ಹಿಡಿ ನಾನು ಹಿಡಿದೆ. ಮುಂದೆ ಆಕೆ, ಹಿಂದೆ ನಾವಿಬ್ಬರು. ಇನ್ನೂರು ಹೆಜ್ಜೆಯಲ್ಲಿ ನಾನು ಒಂದನ್ನೂ ಮರೆತಿಲ್ಲ. ಎಡಗಡೆ ಕಂಬಿಯಲ್ಲಿ ಗುಂಡು ಹೊಕ್ಕ ತೂತುಗಳು, ಕೆಳಗೆ ನೀರಿನ ಸದ್ದು. ಮುಖಂಡನ ಉಸಿರು ನನ್ನ ಉಸಿರಿಗಿಂತ ಜೋರಾಗಿತ್ತು, ಅದರಿಂದ ನನಗೆ ಎಷ್ಟೋ ಧೈರ್ಯ ಬಂತು.

ಆಚೆ ಕಡೆಯ ಮರಗಳ ಹಿಂದೆ ಗುಡ್ಡದವರ ತಲೆಗಳು ಕಂಡವು. ನಡುವಿಗೆ ಬಂದು ಪೆಟ್ಟಿಗೆ ಇಳಿಸಿದೆವು. ಸೂಲಗಿತ್ತಿ ಒಬ್ಬಳೇ, ಕೆಸರು ಕಾಲಿನಲ್ಲಿ, ಬಿರಬಿರನೆ ಬಂದಳು. ಯಾರ ಮುಖವನ್ನೂ ನೋಡದೆ ಮುಚ್ಚಳ ಎತ್ತಿ ಮೊಣಕೈವರೆಗೆ ಕೈ ಇಳಿಸಿದಳು. ಎರಡು ಮೂರು ಸಲ ಒಳಗೆಲ್ಲ ತಡಕಾಡಿದಳು.

"ತಣ್ಣಗಿದೆ!" ಎಂದು ಹಿಂದಕ್ಕೆ ತಿರುಗಿ ಕೂಗಿದಳು. "ಎಲ್ಲ ತಣ್ಣಗಿದೆ! ಹನಿ ಬಾಟಲಿ! ಮಕ್ಕಳನ್ನ ಕೆಳಗಿಳಿಸ್ರೋ!"

ಅಬ್ಬಾ, ಆ ಗದ್ದಲ! ಗುಡ್ಡದ ಅರ್ಧಕ್ಕೆ ಹತ್ತಿದ್ದ ಹೆಂಗಸರು ಮಕ್ಕಳನ್ನು ಕಂಕುಳಲ್ಲಿ ಇಟ್ಟುಕೊಂಡು ತಿರುಗಿ ಇಳಿಯತೊಡಗಿದರು. ಹವಾಮಾನದಕ್ಕ ಸುಮ್ಮನೆ ಅದನ್ನು ಎರಡು ನಿಮಿಷ ನೋಡಿದಳು. ಈಚೆ ತಿರುಗಿ ಸೇತುವೆ ಬೀದಿ ನೋಡಿದಳು. ಅಲ್ಲಿ ದರ್ಜಿ ತನ್ನ ಮಿಷನ್ನನ್ನು ಜಗಲಿಗೆ ಎಳೆಯುತ್ತಿದ್ದ. ಆಗ ಫೋನ್ ತೆಗೆದು "ಹಸಿರು ಅಮ್ಮಾ, ಹಸಿರು! ಜೀಪು ಬಿಡಿ!" ಎಂದಳು. ನಾನು ಬೇರೆಲ್ಲೋ ನೋಡುವವನ ಹಾಗೆ ಕಣ್ಣೊರೆಸಿಕೊಂಡೆ.

ಆಮೇಲೆ ಮಾತಾಡಲು ಯಾರಿಗೆ ಪುರುಸೊತ್ತು? ಎಂಟು ಹೆಣ್ಣುಮಕ್ಕಳು ಮನೆಮನೆಗೆ ನುಗ್ಗಿದರು. ಒಬ್ಬಳು ಕೆನ್ನೆ ಒತ್ತಿ ಬಾಯಿ ತೆರೆಸುವುದು, ಎರಡು ಹನಿ, ಎಡಗೈ ಕಿರುಬೆರಳಿಗೆ ಶಾಯಿ, ಮುಂದಿನ ಮಗು! ನಾನು ಐಸ್ ಬದಲಾಯಿಸುತ್ತ ಅವರ ಹಿಂದೆ ಓಡಿದೆ. ಮಧ್ಯಾಹ್ನದ ಹೊತ್ತಿಗೆ ಮೊದಲ ಊರು ಪೂರ್ತಿ ಆಯಿತು. ಮುಗಿಯಿತು ಎಂಬ ಪದವನ್ನು ನಾನು ಬಾಯಿತಪ್ಪಿಯೂ ಆಡಲಿಲ್ಲ.

ಎರಡನೆಯ ಊರಿನಲ್ಲಿ ಹವಾಮಾನದಕ್ಕ ನಮ್ಮನ್ನು ಬಿಟ್ಟು ಒಬ್ಬಳೇ ಒಂದು ಮನೆಯ ಮುಂದೆ ನಿಂತಿದ್ದಳು. ಒಳಗೆ ಹೋಗಲು ಕಾಲು ಬರುತ್ತಿರಲಿಲ್ಲ. ನನಗೆ ತಿಳಿಯಿತು, ಚೀಟಿಯಲ್ಲಿದ್ದ ಮಗುವಿನ ಮನೆ ಅದು. ನಾನು ಸಣ್ಣ ಪೆಟ್ಟಿಗೆ ಹೆಗಲಿಗೇರಿಸಿಕೊಂಡು ಆಕೆಯ ಪಕ್ಕ ಹೋಗಿ ನಿಂತೆ. ತಂಡದ ಒಬ್ಬ ಹುಡುಗಿಯೂ ಬಂದಳು.

ಅಂಗಳದಲ್ಲಿ ಅಜ್ಜಿ ಕೂತಿದ್ದಳು. ಮಗು ಹೊಸ್ತಿಲ ಮೇಲೆ ಎಡಗಾಲು ಚಾಚಿಕೊಂಡು ಕೂತಿತ್ತು. ಆ ಕಾಲು ಇನ್ನೊಂದಕ್ಕಿಂತ ಸಣ್ಣಗಿತ್ತು. ಕಾಯಿಲೆ ಬಂದ ಮಕ್ಕಳಿಗೂ ಹನಿ ಹಾಕಬೇಕೆಂಬುದು ನಿಯಮ. ಯಾರೂ ಹೇಳುವ ಮೊದಲೇ ಮಗು ಬಾಯಿ ತೆರೆಯಿತು. ಎರಡು ಹನಿ ಬಿದ್ದವು. ಬೆರಳಿಗೆ ಹಚ್ಚಿದ ಶಾಯಿಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡು, ನಮ್ಮಲ್ಲಿ ಹಿರಿಯಳಾಗಿ ಕಂಡ ಹವಾಮಾನದಕ್ಕನನ್ನು ಕೇಳಿತು.

"ಈಗ ನನ್ನ ಕಾಲು ಸರಿಹೋಗುತ್ತಾ?"

ಅಜ್ಜಿ ಮುಖ ಆ ಕಡೆ ತಿರುಗಿಸಿದಳು. "ಹೋಗುತ್ತೆ ಪುಟ್ಟೀ" ಎಂಬ ಮಾತು ನನ್ನ ನಾಲಿಗೆಯ ತುದಿಗೇ ಬಂದಿತ್ತು. ಯಾರಾದರೂ ಅದನ್ನೇ ಹೇಳುತ್ತಿದ್ದರು.

ಹವಾಮಾನದಕ್ಕ ಆ ಮಗುವಿನ ಎದುರು ಕುಕ್ಕರುಗಾಲಿನಲ್ಲಿ ಕೂತಳು. "ಇಲ್ಲ ಪುಟ್ಟೀ, ಸರಿಹೋಗಲ್ಲ. ನಾವು ನಿನ್ನ ಹತ್ತಿರ ಬರೋದು ತಡವಾಯ್ತು. ಮೂರು ಸಲ ಹೋಗಬೇಡಿ ಅಂತ ಹೇಳಿದ್ದು ನಾನೇ. ಹನಿ ಮೊದಲೇ ಬಿದ್ದಿದ್ರೆ ಕಾಲು ಉಳೀತಿತ್ತು." ಆಕೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಮಗು ಆಕೆಯನ್ನು ನೋಡಿತು, ನನ್ನ ಪೆಟ್ಟಿಗೆ ನೋಡಿತು. ಆಮೇಲೆ ಬಾಗಿಲು ಹಿಡಿದುಕೊಂಡು ಎದ್ದು, ಕಾಲೆಳೆದುಕೊಂಡು ಒಳಗೆ ಹೋಯಿತು. ಒಳಗೆ ಯಾರೋ ಕಿರುಚಿಕೊಂಡ ಸದ್ದು. ಹೊರಗೆ ಬರುವಾಗ ಒಂದೂವರೆ ವರ್ಷದ ತಮ್ಮನನ್ನು ಎರಡೂ ತೋಳುಗಳಲ್ಲಿ ಅವುಚಿಕೊಂಡು, ದರದರನೆ ಎಳೆದುಕೊಂಡು ಬಂತು. ಹೊಸ್ತಿಲ ಮೇಲೆ ಕೂತು, ಕೊಸರಾಡುತ್ತಿದ್ದ ಅವನನ್ನು ತೊಡೆಯ ಮೇಲೆ ಕೆಡವಿಕೊಂಡು, ತನಗೆ ಮಾಡಿದ ಹಾಗೆಯೇ ಅವನ ಕೆನ್ನೆಗಳನ್ನು ಒತ್ತಿ ಹಿಡಿಯಿತು.

"ಬೇಗ ಹಾಕಿ" ಎಂದಿತು. "ಬಿಟ್ರೆ ಓಡಿಬಿಡ್ತಾನೆ."